ಮಾದರಿ ಮೇಜು: ರೆಸಿನ್‌ನಲ್ಲಿ ಎಂಬಿ-5 ಕಟ್ಟುವವರಿಗೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬ್ರಿಟನ್ನಿನ ಮಾರ್ಟಿನ್-ಬೇಕರ್ ಎಂಬಿ-5 ಕುರಿತವು. 1944ರ ಮೇ 23ರಂದು ಮೊದಲ ಬಾರಿ ಹಾರಿದ ಈ ಯುದ್ಧವಿಮಾನ ತಯಾರಾದದ್ದು ಒಂದೇ ಒಂದು. ಅದರ ಸಂಖ್ಯೆ ಆರ್2496. ಒಂಟಿ ವಿಮಾನಕ್ಕೆ ದುಬಾರಿ ಉಕ್ಕಿನ ಅಚ್ಚು ಮಾಡಿಸುವವರು ಕಡಿಮೆ. ಹಾಗಾಗಿ ಇಂಥವು ಹೆಚ್ಚಾಗಿ ಸಣ್ಣ ತಯಾರಕರು ರಬ್ಬರ್ ಅಚ್ಚಿನಲ್ಲಿ ಎರಕ ಹೊಯ್ದ ರೆಸಿನ್ (ದ್ರವವಾಗಿ ಹೊಯ್ದರೆ ಗಟ್ಟಿಯಾಗುವ ರಾಳ) ಕಿಟ್‌ಗಳಾಗಿಯೇ ಸಿಗುತ್ತವೆ.

ಇದುವರೆಗೆ ಪ್ಲಾಸ್ಟಿಕ್ ಕಿಟ್ ಮಾತ್ರ ಕಟ್ಟಿದ್ದೇನೆ. 1/72ರ (ನಿಜವಾದದ್ದರ 72ನೇ ಒಂದು ಪಾಲಿನ ಅಳತೆಯ) ರೆಸಿನ್ ಎಂಬಿ-5 ಡಬ್ಬ ಬಿಚ್ಚಿ ಕೂತಿದ್ದೇನೆ. ಮೊದಲು ಏನು ಮಾಡಬೇಕು? — ಓದುಗರು, ಧಾರವಾಡ

ಅಂಟನ್ನು ಸದ್ಯಕ್ಕೆ ಮುಟ್ಟಬೇಡಿ, ಸ್ಕೇಲು ಕೈಗೆ ತೆಗೆದುಕೊಳ್ಳಿ. ನಿಜವಾದ ವಿಮಾನದ ರೆಕ್ಕೆಯ ಹರವು 35 ಅಡಿ, ಉದ್ದ 37 ಅಡಿ 9 ಅಂಗುಲ. 1/72ರಲ್ಲಿ ಹರವು 148 ಮಿ.ಮೀ., ಉದ್ದ ಸುಮಾರು 160 ಮಿ.ಮೀ. ಬರಬೇಕು. ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ, ಅದರಲ್ಲೂ ಒಂದೊಂದು ಭಾಗ ಒಂದೊಂದು ರೀತಿ. ಒಟ್ಟು ಅಳತೆಯಲ್ಲಿ ಒಂದೆರಡು ಮಿ.ಮೀ. ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಆದರೆ ಒಡಲಿನ ಎಡ ಬಲ ಹೋಳುಗಳ ಉದ್ದದಲ್ಲಿ ಒಂದು ಮಿ.ಮೀ. ಹೆಚ್ಚುಕಡಿಮೆ ಇದ್ದರೆ ಕಾಕ್‌ಪಿಟ್ ಅಂಚೂ ರೆಕ್ಕೆ ಕೂರುವ ಜಾಗವೂ ತಪ್ಪುತ್ತವೆ. ಅಂಥ ಹೋಳುಗಳನ್ನು ಕಾಕ್‌ಪಿಟ್ ಮತ್ತು ರೆಕ್ಕೆಯ ಬುಡದ ಹತ್ತಿರ ಸರಿಹೊಂದಿಸಿ, ತಪ್ಪನ್ನೆಲ್ಲ ಬಾಲದ ತುದಿಗೆ ತಳ್ಳಿ. ಅಲ್ಲಿ ಉಜ್ಜಿ ಸರಿಮಾಡುವುದು ಸುಲಭ.

ಆಮೇಲೆ ತೊಳೆಯಿರಿ. ಅಚ್ಚಿನಿಂದ ಭಾಗ ಸಲೀಸಾಗಿ ಬಿಡಲೆಂದು ಹಚ್ಚಿದ ಜಿಡ್ಡು ಮೇಲ್ಮೈಯಲ್ಲಿ ಉಳಿದಿರುತ್ತದೆ. ಅದು ಹೋಗದಿದ್ದರೆ ಮಾಸ್ಕಿಂಗ್ ಟೇಪ್ ಕೀಳುವಾಗ ಬಣ್ಣವೂ ಅದರ ಜೊತೆಗೇ ಎದ್ದು ಬರುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಟೂತ್‌ಬ್ರಶ್ ಇಷ್ಟಿದ್ದರೆ ಸಾಕು. ಸಿಂಕಿನ ತೂತಿಗೆ ಜರಡಿ ಇಡುವುದನ್ನು ಮರೆಯಬೇಡಿ. ಒಂದು ರಾತ್ರಿ ಒಣಗಲು ಬಿಡಿ.

ಭಾಗಗಳಿಗೆ ಅಂಟಿಕೊಂಡಿರುವ ಎರಕದ ಗಟ್ಟಿಯನ್ನು ಕಟರ್‌ನಿಂದ ಚಿವುಟಬೇಡಿ, ರೆಸಿನ್ ಚಕ್ಕೆಯೆದ್ದು ಒಡೆಯುತ್ತದೆ. ತೆಳು ಅಲಗಿನ ಗರಗಸದಿಂದ, ಭಾಗವೂ ಗಟ್ಟಿಯೂ ಸೇರುವ ಗೆರೆಯಿಂದ ಅರ್ಧ ಮಿ.ಮೀ. ಆಚೆಗೆ ಕೊಯ್ಯಿರಿ. ಉಳಿದದ್ದನ್ನು 320, 600, 1000 ನಂಬರಿನ ನೀರುಕಾಗದದಲ್ಲಿ (ನೀರು ತಾಗಿದರೂ ಕೆಡದ ಉಜ್ಜುಕಾಗದ) ಒದ್ದೆ ಮಾಡಿಯೇ ಉಜ್ಜಿ. ಈ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಎನ್95 ಮಾಸ್ಕ್ ಇಲ್ಲದೆ ರೆಸಿನ್ ಕೊಯ್ಯಲೇಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ಸೊಟ್ಟಗಿದ್ದ ರೆಕ್ಕೆಯನ್ನು ಬಿಸಿನೀರಿನಲ್ಲಿ ನೆಟ್ಟಗೆ ಮಾಡಿದೆ. ಮೇ ತಿಂಗಳಲ್ಲಿ ಮತ್ತೆ ಬಾಗಿತು. ಚಕ್ರದ ಕಾಲುಗಳೂ ಅಗಲಿಸಿಕೊಂಡಿವೆ. ಕಿಟ್ಟೇ ಕಳಪೆಯೋ? — ಓದುಗರು, ಕಲಬುರಗಿ

ಕಿಟ್ಟಿನ ದೋಷವೇ ಆಗಬೇಕೆಂದಿಲ್ಲ. ಪಾಲಿಯುರೆಥೇನ್ ರೆಸಿನ್ ಬಿಸಿಗೆ ಮೆತ್ತಗಾಗುತ್ತದೆ. ನಾವು ಬಿಸಿನೀರಿನಲ್ಲಿ ಅದನ್ನು ನೆಟ್ಟಗೆ ಮಾಡುವುದೂ ಅದೇ ಗುಣದಿಂದ, ಬೇಸಿಗೆಯಲ್ಲಿ ಅದು ಮತ್ತೆ ಬಾಗುವುದೂ ಅದೇ ಗುಣದಿಂದ. ಕಿಟಕಿ ಪಕ್ಕದ ಗಾಜಿನ ಕಪಾಟಿನೊಳಗೆ ಬಿಸಿಲು ಬಿದ್ದರೆ ಒಳಗಿನ ಕಾವು ಹೊರಗಿನದಕ್ಕಿಂತ ಬಹಳ ಏರುತ್ತದೆ. ಮೊದಲು ಮಾದರಿಯ ಜಾಗ ಬದಲಿಸಿ.

ರೆಕ್ಕೆಗೆ ಹೀಗೆ ಮಾಡಿ. ಸುಮಾರು 70 ಡಿಗ್ರಿ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ. ಬೆರಳಿಗೆ ಬಗ್ಗುವಂತಾದಾಗ ತೆಗೆದು ದಪ್ಪ ಗಾಜಿನ ಮೇಲೆ ಒತ್ತಿಹಿಡಿದು, ಗಾಜಿನ ಸಮೇತ ತಣ್ಣೀರಿಗೆ ಇಳಿಸಿ. ಪೂರ್ತಿ ತಣಿಯುವ ಮೊದಲು ಕೈ ಬಿಟ್ಟರೆ ರೆಕ್ಕೆ ಅರ್ಧ ಹಿಂದಕ್ಕೆ ಹೋಗುತ್ತದೆ. ಹೆಚ್ಚಿನವರ ತಪ್ಪು ಇಲ್ಲೇ. ಪರೀಕ್ಷೆಗೆ, ತಳ ಚಪ್ಪಟೆಯಾಗಿರಬೇಕಾದ ಕಡೆ ಗಾಜಿಗೂ ರೆಕ್ಕೆಗೂ ನಡುವೆ ಕಾಗದದ ಪಟ್ಟಿ ತೂರಿಸಿ ನೋಡಿ. ಪಟ್ಟಿ ರೆಕ್ಕೆಯ ಮುಂದಿನ ಅಂಚಿನಲ್ಲಿ ಸಿಕ್ಕಿಕೊಂಡು ಹಿಂದಿನ ಅಂಚಿನಲ್ಲಿ ಸರಾಗವಾಗಿ ಜಾರಿದರೆ ರೆಕ್ಕೆ ಬಾಗಿದ್ದಲ್ಲ, ತಿರುಚಿಕೊಂಡದ್ದು. ಆಗ ಬುಡ ಹಿಡಿದು ತುದಿಯನ್ನು ಎದುರು ದಿಕ್ಕಿಗೆ ತಿರುಚಬೇಕು, ಒತ್ತಿದರೆ ಹೋಗುವುದಿಲ್ಲ.

ಕಾಲುಗಳ ಕಥೆ ಬೇರೆ. ಪ್ಲಾಸ್ಟಿಕ್ ಮಾದರಿ ಟೊಳ್ಳು, ನಿಮ್ಮ ರೆಸಿನ್ ರೆಕ್ಕೆ ಗಟ್ಟಿ. ಅಷ್ಟು ಭಾರವನ್ನು ಒಂದೂವರೆ ಮಿ.ಮೀ. ದಪ್ಪದ ರೆಸಿನ್ ಕಡ್ಡಿ ವರ್ಷಗಟ್ಟಲೆ ಹೊರುವುದಿಲ್ಲ. 1 ಮಿ.ಮೀ. ಹಿತ್ತಾಳೆ ಸರಳನ್ನು ಅದಕ್ಕೆ ಸರಿಹೊಂದುವ ಹಿತ್ತಾಳೆ ಕೊಳವೆಯೊಳಗೆ ತೂರಿಸಿ ಹೊಸ ಕಾಲು ಮಾಡಿಕೊಳ್ಳಿ. ಸರಳಿನ ಮೇಲ್ತುದಿ ರೆಕ್ಕೆಯೊಳಕ್ಕೆ ಕನಿಷ್ಠ 3 ಮಿ.ಮೀ. ಇಳಿಯಲಿ, ಆದರೆ ಮೇಲ್ಮೈ ತೂತಾಗದಂತೆ ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ.

ಪ್ಲಾಸ್ಟಿಕ್ ಸಿಮೆಂಟ್ ಹಿಡಿಯಲಿಲ್ಲ. ಫೆವಿಕ್ವಿಕ್ ಹಾಕಿದರೆ ಹಿಡಿಯಿತು, ಆದರೆ ಮಾದರಿ ಎತ್ತುವಾಗ ರೆಕ್ಕೆ ಟಪ್ಪಂತ ಕಳಚಿತು. — ಓದುಗರು, ಮಂಗಳೂರು

ಪ್ಲಾಸ್ಟಿಕ್ ಸಿಮೆಂಟ್ ನಿಜಕ್ಕೂ ಅಂಟಲ್ಲ, ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವ ದ್ರಾವಕ. ರೆಸಿನ್ ಅದಕ್ಕೆ ಕರಗುವುದಿಲ್ಲ. ಫೆವಿಕ್ವಿಕ್ಕಿನಂಥ ಅಂಟು ಎಳೆತಕ್ಕೆ ಗಟ್ಟಿ, ಆದರೆ ಪಕ್ಕದ ಪೆಟ್ಟಿಗೆ ಬಳಪದ ಹಾಗೆ ಮುರಿಯುತ್ತದೆ. ರೆಕ್ಕೆಗೆ ಪಿನ್ ಬೇಕೇ ಬೇಕು.

0.8 ಅಥವಾ 1 ಮಿ.ಮೀ. ಹಿತ್ತಾಳೆ ತಂತಿ, ಒಂದು ರೆಕ್ಕೆಗೆ ಎರಡು ಪಿನ್, ಪ್ರತಿಯೊಂದೂ ಎರಡು ಬದಿಗೂ 5ರಿಂದ 8 ಮಿ.ಮೀ. ಇಳಿಯಬೇಕು. ತೂತುಗಳು ಎದುರುಬದುರಾಗಲು ಒಂದು ಉಪಾಯವಿದೆ. ರೆಕ್ಕೆಯಲ್ಲಿ ಮೊದಲು ತೂತು ಕೊರೆದು ತಂತಿ ಇಳಿಸಿ, ಅರ್ಧ ಮಿ.ಮೀ.ಯಷ್ಟು ಮಾತ್ರ ಹೊರಗುಳಿಸಿ, ತುದಿಗೆ ಬಣ್ಣ ತಾಗಿಸಿ, ಒಡಲಿಗೆ ಒತ್ತಿ. ಚುಕ್ಕೆ ಬಿದ್ದಲ್ಲಿ ಕೊರೆಯಿರಿ. ಒಡಲಿನ ತೂತನ್ನು ತುಸು ಅಗಲ ಮಾಡಿದರೆ ರೆಕ್ಕೆಯ ತುದಿ ಎಷ್ಟು ಮೇಲೇಳಬೇಕೆಂದು ಹೊಂದಿಸಲು ಜಾಗ ಸಿಗುತ್ತದೆ. ಆ ಕೋನಕ್ಕೆ ವಿಮಾನದ ಎದುರು ನೋಟದ ನಕ್ಷೆಯಿಂದ ರಟ್ಟಿನ ಅಳತೆ ಕತ್ತರಿಸಿಟ್ಟುಕೊಳ್ಳಿ. ಇಲ್ಲಿ ಅರಾಲ್ಡೈಟ್ ಬಳಸಿ, ಐದು ನಿಮಿಷದ್ದಲ್ಲ, ನಿಧಾನದ್ದು. ನೋಡಿ, ತಿದ್ದಿ, ಮತ್ತೆ ನೋಡಲು ಹೊತ್ತು ಸಿಗುತ್ತದೆ.

ಸಂದು ತುಂಬಲು, ಗುಳ್ಳೆಯ ತೂತು ಮುಚ್ಚಲು ಫೆವಿಕ್ವಿಕ್ಕಿಗೆ ಟಾಲ್ಕಮ್ ಪೌಡರ್ ಕಲಸಿ. ಅಡುಗೆ ಸೋಡಾ ಹಾಕಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಉಜ್ಜುವಾಗ ಸುತ್ತಲಿನ ರೆಸಿನ್ ಸವೆದು ತುಂಬಿದ್ದು ಉಬ್ಬಿ ನಿಲ್ಲುತ್ತದೆ. ಪೌಡರಿನ ಮಿಶ್ರಣವನ್ನೂ ಒಂದು ಗಂಟೆಯೊಳಗೆ ಉಜ್ಜಿಬಿಡಿ. ಈ ಅಂಟು ಗಾಳಿಯ ತೇವದಿಂದಲೇ ಗಟ್ಟಿಯಾಗುವುದು. ಹಾಗಾಗಿ ಕರಾವಳಿಯ ಮಳೆಗಾಲದಲ್ಲಿ ತೆರೆದಿಟ್ಟ ಟ್ಯೂಬು ಬಹಳ ದಿನ ಬಾಳುವುದಿಲ್ಲ.

ಪ್ರೊಪೆಲ್ಲರ್‌ನ ಆರು ಅಲಗುಗಳೂ ಒಂದೇ ಥರ ಇವೆ. ಹಿಂದೆ ಮುಂದೆ ಹೇಗೆ ಕೂರಿಸಬೇಕು? — ಓದುಗರು, ಬೆಂಗಳೂರು

ಒಂದೇ ಥರ ಇದ್ದರೆ ಅದು ತಪ್ಪು. ಎಂಬಿ-5ರ ಗ್ರಿಫನ್ 83 ಎಂಜಿನ್ ಮೂರು ಮೂರು ಅಲಗಿನ ಎರಡು ಪ್ರೊಪೆಲ್ಲರ್‌ಗಳನ್ನು ಎದುರುಬದುರು ದಿಕ್ಕಿಗೆ ತಿರುಗಿಸುತ್ತಿತ್ತು. ಹಾಗಾಗಿ ಮುಂದಿನ ಅಲಗು ಹಿಂದಿನದರ ಕನ್ನಡಿ ಬಿಂಬದಂತಿರಬೇಕು, ಎಡ ಬಲ ಚಪ್ಪಲಿಯ ಹಾಗೆ.

ಒಂದು ಅಲಗನ್ನು ಬೆಳಕಿಗೆ ಅಡ್ಡ ಹಿಡಿಯಿರಿ. ಒಂದು ಮುಖ ಉಬ್ಬು, ಇನ್ನೊಂದು ಚಪ್ಪಟೆ. ಒಂದು ಅಂಚು ದುಂಡು, ಇನ್ನೊಂದು ಚೂಪು. ಉಬ್ಬು ಮುಖ ಯಾವಾಗಲೂ ಮುಂದಕ್ಕೆ, ದುಂಡು ಅಂಚು ತಿರುಗುವ ದಿಕ್ಕಿಗೆ. ಆರನ್ನೂ ಉಬ್ಬು ಮುಖ ಮೇಲಾಗಿ, ಬುಡ ನಿಮ್ಮ ಕಡೆಗಾಗಿ ಸಾಲಾಗಿ ಇಡಿ. ಮೂರರಲ್ಲಿ ದುಂಡು ಅಂಚು ಎಡಕ್ಕೆ, ಮೂರರಲ್ಲಿ ಬಲಕ್ಕೆ ಬರಬೇಕು. ಆರೂ ಒಂದೇ ಕಡೆ ಬಂದರೆ ತಯಾರಕರಿಗೆ ಬರೆದು ಬದಲಿ ಕೇಳಿ. ಸಿಗದಿದ್ದರೆ ಮೂರು ಅಲಗುಗಳ ದುಂಡು ಅಂಚನ್ನು ಉಜ್ಜಿ ಚೂಪು ಮಾಡಿ, ಚೂಪು ಅಂಚಿಗೆ ತೆಳುವಾಗಿ ಅಂಟು ಹಚ್ಚಿ ದುಂಡಾಗಿಸಿ, ಬಿಸಿನೀರಿನಲ್ಲಿ ಎದುರು ದಿಕ್ಕಿಗೆ ತಿರುಚಿ. 1/72ರಲ್ಲಿ ಇದು ಒಂದು ಸಂಜೆಯ ಕೆಲಸ, ಮಾಡಿದರೆ ಸಾರ್ಥಕ. ಈ ವಿಮಾನದ ಮುಖವೇ ಆ ಆರು ಅಲಗು.

ಕೂರಿಸಲು ಕಾಗದದ ಮೇಲೆ 120 ಡಿಗ್ರಿಗೊಂದರಂತೆ ಮೂರು ಗೆರೆ ಎಳೆದು ನಡುವೆ ಸೂಜಿ ಚುಚ್ಚಿ ಸ್ಪಿನ್ನರ್ (ಅಲಗುಗಳ ನಡುವಿನ ಚೂಪು ಮೂತಿ) ನಿಲ್ಲಿಸಿ. ಎರಡನೆಯ ಸಾಲನ್ನು 60 ಡಿಗ್ರಿ ತಿರುಗಿಸಿ ಕೂರಿಸಿದರೆ ಆರೂ ಅಲಗು ಬಿಡಿಬಿಡಿಯಾಗಿ ಕಾಣುತ್ತವೆ.

ತಳದ ಹಳದಿ ಎಷ್ಟು ಸಲ ಹೊಡೆದರೂ ಕೊಳಕು ಹಸಿರಾಗಿ ಕಾಣುತ್ತದೆ. — ಓದುಗರು, ಶಿವಮೊಗ್ಗ

ಬೂದು ಪ್ರೈಮರಿನ ಮೇಲೆ ನೇರವಾಗಿ ಹೊಡೆದಿದ್ದೀರಿ. ಹಳದಿ ಬಣ್ಣಕ್ಕೆ ಮುಚ್ಚುವ ಶಕ್ತಿ ಕಡಿಮೆ, ಕೆಳಗಿನದು ಇಣುಕುತ್ತದೆ. ಬೂದು ಪ್ರೈಮರಿನಲ್ಲಿ ಗೀರು, ಗುಳ್ಳೆ ಪತ್ತೆ ಮಾಡಿ ತಿದ್ದಿದ ಮೇಲೆ ಬಿಳಿ ಅಥವಾ ತಿಳಿ ಗುಲಾಬಿ ಪದರ ಕೊಡಿ, ನಂತರ ಮೂರು ನಾಲ್ಕು ತೆಳು ಹಳದಿ. ಹಳದಿ ಮೊದಲು, ಮೇಲಿನ ಮರೆಮಾಚು ಬಣ್ಣ ಆಮೇಲೆ. ಹಳದಿ ತಳ, ಪಕ್ಕದಲ್ಲಿ ವೃತ್ತದೊಳಗಿನ ‘ಪಿ’ ಅಕ್ಷರ, ಇವೆರಡೂ ಆಗಿನ ಬ್ರಿಟಿಷ್ ಪ್ರಯೋಗ ವಿಮಾನದ ಗುರುತು. ಇವನ್ನು ಬಿಡಬೇಡಿ.

ಮಾರ್ಟಿನ್-ಬೇಕರ್ ಅಂದರೆ ಎಜೆಕ್ಷನ್ ಸೀಟಿನ (ಅಪಾಯದಲ್ಲಿ ಪೈಲಟನ್ನು ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ಆಸನ) ಕಂಪನಿ. ಹಾಗಾದರೆ ಎಂಬಿ-5ರ ಕಾಕ್‌ಪಿಟ್‌ನಲ್ಲೂ ಅಂಥದ್ದೇ ಸೀಟು ಇಡಬೇಕೇ? — ಓದುಗರು, ಮೈಸೂರು

ಬೇಡ. ಎಂಬಿ-5ರಲ್ಲಿ ಅದು ಇರಲಿಲ್ಲ. ಹಿಂದಿನ ಮಾದರಿ ಎಂಬಿ-3 1942ರ ಸೆಪ್ಟೆಂಬರ್ 12ರಂದು ಎಂಜಿನ್ ಕೈಕೊಟ್ಟು ಬಿದ್ದಾಗ ಪಾಲುದಾರ ವ್ಯಾಲೆಂಟೈನ್ ಬೇಕರ್ ತೀರಿಕೊಂಡರು. ಗೆಳೆಯನ ಸಾವು ಜೇಮ್ಸ್ ಮಾರ್ಟಿನ್ ಅವರನ್ನು ಪೈಲಟ್‌ಗಳ ಸುರಕ್ಷತೆಯತ್ತ ತಿರುಗಿಸಿತು. ಕಂಪನಿಯ ಸೀಟಿನಲ್ಲಿ ಮೊದಲ ಬಾರಿ ಮನುಷ್ಯನೊಬ್ಬ ಹಾರುವ ವಿಮಾನದಿಂದ ಚಿಮ್ಮಿ ಹೊರಬಂದದ್ದು 1946ರ ಜುಲೈ 24ರಂದು. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್‌ನಲ್ಲಿರುವುದೂ ಇದೇ ಕಂಪನಿಯ ಸೀಟು.

ನೀವು ಇಡಬೇಕಾದ್ದು ಸಾದಾ ಬೋಗುಣಿ ಆಕಾರದ ಸೀಟು, ಅದಕ್ಕೆ ಹೆಗಲಿಗೆರಡು, ತೊಡೆಗೆರಡು ಪಟ್ಟಿ. ಮಾಸ್ಕಿಂಗ್ ಟೇಪನ್ನು 0.7 ಮಿ.ಮೀ. ಅಗಲಕ್ಕೆ ಸೀಳಿದರೆ 1/72ಕ್ಕೆ ಸರಿಹೋಗುತ್ತದೆ. ಸೀಟನ್ನು ಒಡಲಿನ ಹೋಳುಗಳ ನಡುವೆ ಅಂಟಿಲ್ಲದೆ ಇಟ್ಟು ಮುಚ್ಚಿ ನೋಡಿ. ರೆಸಿನ್ ಗೋಡೆ ದಪ್ಪವಾದ್ದರಿಂದ ಒಡಲು ಪೂರ್ತಿ ಮುಚ್ಚದೆ ಸಂದು ಉಳಿಯುವುದು ಸಾಮಾನ್ಯ. ಆಗ ಸೀಟನ್ನು ಸಣ್ಣದು ಮಾಡದೆ, ಒಡಲಿನ ಒಳಗೋಡೆಯನ್ನು ಬೆಳಕು ಮಂದವಾಗಿ ಹಾಯುವಷ್ಟು ತೆಳುವಾಗುವವರೆಗೆ ಕೆರೆಯಿರಿ.