ಪಥ್ಯದಲ್ಲಿರುವ ಬಾಣಂತಿಯ ಎದೆಹಾಲಿನಲ್ಲಿ ಕೂಸಿಗೆ ಏನು ಕಡಿಮೆ ಬೀಳುತ್ತದೆ?

ನೀವು ಕೇಳಿರುವುದು ಇಷ್ಟು: ದಾವಣಗೆರೆಯ ತವರಿನಲ್ಲಿ ಬಾಣಂತನ, ಕೂಸಿಗೆ ಎರಡೂವರೆ ತಿಂಗಳು, ಬರೀ ಎದೆಹಾಲು. ನಿಮ್ಮ ಊಟ ಬಿಳಿ ಅನ್ನ, ಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ. ಹಾಲಿನಲ್ಲಿ ಸತ್ವ ಸಾಲದೇನೋ, ಡಬ್ಬಿ ಹಾಲು ಶುರು ಮಾಡಲೇ? ಬೇಡ. ಸರಿಯಾಗಬೇಕಾದದ್ದು ನಿಮ್ಮ ತಟ್ಟೆ.

ವಿಟಮಿನ್ ಬಿ1 (ಥಯಾಮಿನ್) ಮತ್ತು ಬಿ12 ನಿಮ್ಮ ಮೈಯಲ್ಲಿ ಕಡಿಮೆಯಾದರೆ ಹಾಲಿನಲ್ಲೂ ಕಡಿಮೆಯಾಗುತ್ತವೆ. ಕಬ್ಬಿಣ ಹಾಗಲ್ಲ, ನೀವು ಎಷ್ಟು ತಿಂದರೂ ಹಾಲಿನಲ್ಲಿ ಹೆಚ್ಚುವುದಿಲ್ಲ. ವಿಟಮಿನ್ ಡಿ ಕೂಡ ಮಾಮೂಲಿ ಊಟದಿಂದ ಕೂಸಿಗೆ ಸಾಲುವಷ್ಟು ಇಳಿಯುವುದಿಲ್ಲ.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಆತಂಕ ಬಿ1ದು. ಮೈಯಲ್ಲಿ ಅದರ ದಾಸ್ತಾನು ಎರಡು-ಮೂರು ವಾರಕ್ಕೆ ಮುಗಿಯುತ್ತದೆ. ಪಾಲಿಶ್ ಮಾಡಿದ ಸೋನಾ ಮಸೂರಿಯಲ್ಲಿ ತೌಡಿನ ಜೊತೆ ಬಹುಪಾಲು ಹೋಗಿರುತ್ತದೆ. ಅಳಿದುಳಿದದ್ದು ನೀರಿನಲ್ಲಿ ಕರಗುವಂಥದ್ದು, ಮೂರ್ನಾಲ್ಕು ಸಲ ತೊಳೆದು ಗಂಜಿ ಬಸಿದರೆ ಅದೂ ಮೋರಿಗೆ. ಊಟದ ಮೇಲೆ ಎಲೆ-ಅಡಿಕೆ, ಚಹಾ ಬಿದ್ದರೆ ಅವುಗಳ ಒಗರು ಹೊಟ್ಟೆಯಲ್ಲಿರುವ ಬಿ1ನ್ನೂ ಕೆಡಿಸುತ್ತದೆ.

ಅಕ್ಕಿಯನ್ನು ಒಂದೇ ಸಲ ತೊಳೆದು, ನೀರು ಇಂಗುವಂತೆ ಬೇಯಿಸಿ. ಕುಸುಬಲಕ್ಕಿ ಸಿಕ್ಕರೆ ಇನ್ನೂ ಒಳ್ಳೆಯದು, ಭತ್ತ ಬೇಯಿಸುವಾಗಲೇ ಬಿ1 ಕಾಳಿನೊಳಕ್ಕೆ ಇಳಿದಿರುತ್ತದೆ. ಮೆಣಸಿನ ಸಾರು ಇರಲಿ, ಅದಕ್ಕೆ ತೊಗರಿಬೇಳೆ ಅಥವಾ ಹೆಸರುಬೇಳೆ ಗಟ್ಟಿಯಾಗಿ ಬೀಳಲಿ. ಬೇಳೆ ಬೇಗ ಬೇಯಲೆಂದು ಸೋಡಾ ಹಾಕಬೇಡಿ, ಬಿ1 ನಾಶವಾಗುತ್ತದೆ. ಒಂದು ಹೊತ್ತು ಜೋಳದ ರೊಟ್ಟಿ, ದಿನಕ್ಕೊಂದು ಹಿಡಿ ಶೇಂಗಾ. ಕಪ್ಪಗೆ ಹುರಿಯಬೇಡಿ. ಚಳ್ಳಕೆರೆ ಸೀಮೆಯ ಶೇಂಗಾ ಮನೆಯಲ್ಲೇ ಇದ್ದರೂ ಪಿತ್ತ ಎಂದು ಬಾಣಂತಿಗೆ ಕೊಡದಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ಬಿ-ಕಾಂಪ್ಲೆಕ್ಸ್ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ.

ಅಳುವ ದನಿ ಗೊಗ್ಗರಾದರೆ, ಬಾಯಿ ತೆರೆದು ಅತ್ತರೂ ದನಿ ಬಾರದಿದ್ದರೆ, ಕೂಸು ಮೊಲೆ ಬಿಟ್ಟು ವಾಂತಿ ಮಾಡಿ ಏದುಸಿರು ಬಿಟ್ಟರೆ ಬೆಳಗಾಗಲೆಂದು ಕಾಯಬೇಡಿ. ಮಕ್ಕಳ ಐಸಿಯು ಇರುವ ಆಸ್ಪತ್ರೆಗೆ ಹೋಗಿ, "ನಾನು ಪಥ್ಯದಲ್ಲಿದ್ದೇನೆ, ಬರೀ ಅನ್ನ ಉಣ್ಣುತ್ತೇನೆ" ಎಂದು ಮೊದಲೇ ಹೇಳಿ. ನೋಡುವವರಿಗೆ ಈ ಬಿ1 ಕೊರತೆ ನ್ಯುಮೋನಿಯಾದಂತೆ ಕಾಣುತ್ತದೆ, ಆದರೆ ಪೆಟ್ಟು ಬೀಳುವುದು ಹೃದಯಕ್ಕೆ. ಥಯಾಮಿನ್ ಚುಚ್ಚುಮದ್ದು ಬಿದ್ದರೆ ಕೆಲವೇ ಗಂಟೆಗಳಲ್ಲಿ ಕೂಸು ಚೇತರಿಸಿಕೊಳ್ಳತೊಡಗುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಇಂಥ ಕೂಸುಗಳ ಬಗ್ಗೆ ವರದಿ ಪ್ರಕಟಿಸಿದ್ದಾರೆ.

ಬಿ12 ನಿಧಾನದ ಕೊರತೆ. ನೀವು ಮೊಟ್ಟೆ-ಮಾಂಸ ಮುಟ್ಟದವರಾದರೆ, ಹಾಲು-ಮೊಸರೂ ಪಥ್ಯದಲ್ಲಿ ನಿಂತಿದ್ದರೆ, ಈಗಲೇ ನಿಮ್ಮ ರಕ್ತದಲ್ಲಿ ಬಿ12 ಪರೀಕ್ಷೆ ಮಾಡಿಸಿ. ನೀರು ಮಜ್ಜಿಗೆಯಿಂದ ಅದು ತುಂಬುವುದಿಲ್ಲ. ಆರು ತಿಂಗಳ ಆಸುಪಾಸಿನಲ್ಲಿ ಕೂಸಿನ ಬೆರಳ ಗೆಣ್ಣು ಕಪ್ಪಾಗುವುದು, ಕೂದಲು ಕೆಂಚಾಗಿ ವಿರಳವಾಗುವುದು, ನಗುತ್ತಿದ್ದದ್ದು ನಗು ಮರೆಯುವುದು, ನಿಂತಿದ್ದ ಕತ್ತು ಮತ್ತೆ ವಾಲುವುದು, ಇವು ಅದರ ಗುರುತು.

ಕೂಸಿಗೆ ಡಿ ಹನಿ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಮಾನ), ಒಂದು ವರ್ಷದವರೆಗೆ. ಬಾಟಲಿಯ ಮೇಲೆ ಒಂದು ಮಿ.ಲೀ.ಗೆ 400 ಇದೆಯೋ 800 ಇದೆಯೋ ಓದಿಕೊಳ್ಳಿ: 800 ಇದ್ದರೆ ಅರ್ಧ ಮಿ.ಲೀ. ಸಾಕು. ಅದರ ಜೊತೆ ಬಂದ ಡ್ರಾಪರಿನಲ್ಲೇ ಅಳೆದು ಕೆನ್ನೆಯ ಒಳಗೆ ಬಿಡಿ. ದೊಡ್ಡವರ 60,000 ಐಯು ಬಾಟಲಿ ಕೂಸಿನ ಔಷಧಿಯ ಪಕ್ಕದಲ್ಲಿ ಇರಲೇಬಾರದು. ಅದನ್ನು ದಿನಾ ಕೊಟ್ಟರೆ ವಿಷವಾಗುತ್ತದೆ. ಕಿಟಕಿ ಗಾಜಿನ ಹಿಂದಿನ ಬಿಸಿಲು ಡಿ ಕೊಡುವುದಿಲ್ಲ.

ದಿನ ತುಂಬಿ ಒಳ್ಳೆಯ ತೂಕದಲ್ಲಿ ಹುಟ್ಟಿದ ಕೂಸಿಗೆ ಹುಟ್ಟುವಾಗಿನ ಕಬ್ಬಿಣ ನಾಲ್ಕರಿಂದ ಆರು ತಿಂಗಳು ಬರುತ್ತದೆ. ತೂಕ ಎರಡೂವರೆ ಕೆ.ಜಿ.ಗಿಂತ ಕಡಿಮೆಯಿತ್ತೇ? ಹಾಗಿದ್ದರೆ ಕಬ್ಬಿಣದ ಹನಿ ಬೇಗ ಶುರುವಾಗಬೇಕು, ಈ ವಾರವೇ ವೈದ್ಯರನ್ನು ಕೇಳಿ. ಇಲ್ಲದಿದ್ದರೆ ಆರು ತಿಂಗಳು ತುಂಬಿದ ಮೇಲೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ಪು, ವಾರಕ್ಕೆರಡು ಸಲ 1 ಮಿ.ಲೀ. ಅದರಲ್ಲಿ 20 ಮಿ.ಗ್ರಾಂ ಕಬ್ಬಿಣ ಇರುತ್ತದೆ. ಮಲ ಕಪ್ಪಾಯಿತೆಂದು ಹೆದರಿ ನಿಲ್ಲಿಸಬೇಡಿ.