ಬಾಗಿಲ ಆಚೆಗೂ ಅದೇ ಗಾಳಿ

(ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಕಥೆಯಲ್ಲಿ ಮಂಗಳ ಗ್ರಹದ ಒಂದು ವಸಾಹತು ಕಷ್ಟದಲ್ಲಿದೆ. ಧೂಳಿನ ಬಿರುಗಾಳಿಯಿಂದ ವಿದ್ಯುತ್ ಕುಸಿದಿದೆ, ರೇಷನ್ ಕಡಿತವಾಗಿದೆ. ರಾತ್ರಿ ಪಾಳಿಯವರ ಊಟಕ್ಕೆ ಮೊದಲು ಕತ್ತರಿ ಬೀಳುತ್ತದೆ. ಮೂರು ಸಲ ದೂರು ಕೊಟ್ಟರೂ ಉತ್ತರ ಸಿಗದ ಕೆಲಸಗಾರನೊಬ್ಬ ಅಲ್ಲಿನ ಒಬ್ಬಳೇ ವೈದ್ಯೆಯನ್ನು ಒತ್ತೆಯಾಗಿಟ್ಟುಕೊಂಡು ಆಮ್ಲಜನಕ ಘಟಕದೊಳಗೆ ಚಿಲಕ ಹಾಕಿಕೊಳ್ಳುತ್ತಾನೆ. ಅಡುಗೆಮನೆ ನೋಡಿಕೊಳ್ಳುವ ಹಿರಿಯ ಹೆಂಗಸು ಒಂಬತ್ತು ದಿನ ಬಾಗಿಲ ಹೊರಗೆ ಕೂತು ಮಾತಾಡಿ ವೈದ್ಯೆಯನ್ನು ಬಿಡಿಸುತ್ತಾಳೆ. ದಾವಣಗೆರೆಯ ಓದುಗರೊಬ್ಬರು ಇದನ್ನು ಆಕ್ಷೇಪಿಸಿ ದೀರ್ಘ ಪತ್ರ ಬರೆದಿದ್ದಾರೆ. ಬಾಗಿಲು ಒಡೆದು ನುಗ್ಗಬಹುದಿತ್ತು, ಇಲ್ಲವೇ ಆ ಕೋಣೆಯ ಗಾಳಿ ನಿಲ್ಲಿಸಬಹುದಿತ್ತು. ಹೊಸ ನೆಲದಲ್ಲಿ ಬದುಕುವವರಿಗೆ ಶಿಸ್ತು ಮೊದಲು. ಅಡುಗೆಯವಳನ್ನು ಸಂಧಾನಕ್ಕೆ ಕೂರಿಸಿದ್ದು ನಂಬಲಾಗದು. ಅಲ್ಲಿ ನಡೆಯುವುದು ಯಾವ ದೇಶದ ಕಾನೂನು ಎಂದು ಕಥೆ ಹೇಳುವುದೇ ಇಲ್ಲ. ಇವು ಅವರ ತಕರಾರುಗಳು. ಕೊನೆಗೆ ಹೀಗೆ ಕೇಳಿದ್ದಾರೆ: "2000ದಲ್ಲಿ ರಾಜಕುಮಾರ್ ಅಪಹರಣವಾದಾಗ ನಮ್ಮ ನಾಡು 108 ದಿನ ಉಸಿರು ಬಿಗಿಹಿಡಿದು ಕೂತಿತ್ತು. ಆ ಮಾತುಕತೆಯ ದಾರಿಯನ್ನೇ ಮಂಗಳಕ್ಕೂ ಕಳಿಸಬೇಕೇ?")

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಥೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡು ಜಗಳಕ್ಕೆ ಬರುವ ಓದುಗರು ಸಿಗುವುದು ಪತ್ರಿಕೆಯ ಭಾಗ್ಯ. ನಿಮ್ಮ ಒಂದು ತಕರಾರನ್ನು ಪೂರ್ತಿ ಒಪ್ಪುತ್ತೇನೆ, ಅದನ್ನು ಕೊನೆಗೆ ಹೇಳುತ್ತೇನೆ. ಉಳಿದವುಗಳ ವಿಷಯದಲ್ಲಿ ನಾನು ಕಥೆಗಾರ್ತಿಯ ಪಕ್ಷ.

ಮೊದಲು ಗಾಳಿಯ ಮಾತು. ಮನುಷ್ಯನೊಬ್ಬನಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು. ಮಂಗಳದಲ್ಲಿ ಗಾಳಿಯ ಒತ್ತಡ ನಮ್ಮಲ್ಲಿರುವುದರ ನೂರರಲ್ಲಿ ಒಂದು ಪಾಲೂ ಇಲ್ಲ, ಇರುವುದೂ ಬಹುಪಾಲು ಇಂಗಾಲದ ಡೈಆಕ್ಸೈಡ್. ಅದರಿಂದ ಆಮ್ಲಜನಕ ತೆಗೆಯಬಹುದೆಂದು ತೋರಿಸಿದ್ದು ನಾಸಾದ ಪರ್ಸಿವಿಯರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಎಂಬ ಪೆಟ್ಟಿಗೆ. 2021ರಿಂದ 2023ರವರೆಗೆ ಹದಿನಾರು ಸಲ ಓಡಿಸಿದಾಗ ಅದು ಒಟ್ಟು ಕೊಟ್ಟದ್ದು 122 ಗ್ರಾಂ. ಒಬ್ಬ ಮನುಷ್ಯನಿಗೆ ಮೂರೂವರೆ ಗಂಟೆಗೆ ಸಾಕಾಗುವಷ್ಟು. ಇಂಥ ನೆಲದಲ್ಲಿ ನೂರಾರು ಜನರ ಉಸಿರು ನಡೆಸುವ ಯಂತ್ರದ ಕೋಣೆಯೊಳಗೆ ಅವನು ಕೂತಿದ್ದಾನೆ. ನೀವು ಹೇಳಿದಂತೆ ಬಾಗಿಲನ್ನು ಕತ್ತರಿಸಿ ನುಗ್ಗಿದರೆ ಸಿಡಿದ ಒಂದು ಗುಂಡು, ಹಾರಿದ ಒಂದು ಕಿಡಿ ಯಾರ ಪಾಲಿಗೆ ಹೋಗುತ್ತದೆ? ಒತ್ತೆಯಲ್ಲಿರುವವಳು ಒಬ್ಬಳೇ ಅಲ್ಲ, ಹೊರಗೆ ನಿಂತ ಎಲ್ಲರೂ ಅವನ ಒತ್ತೆಯಾಳುಗಳೇ. ಅವನೂ ಅದೇ ಗಾಳಿಯ ಒತ್ತೆಯಾಳು.

ಆ ಕೋಣೆಗೆ ಮಾತ್ರ ಗಾಳಿ ನಿಲ್ಲಿಸಿದ್ದರೆ ಎನ್ನುತ್ತೀರಿ. ಒಳಗೆ ವೈದ್ಯೆಯೂ ಇದ್ದಾಳೆಂಬುದನ್ನು ಬದಿಗಿಟ್ಟರೂ ಈ ಮಾತು ನನ್ನನ್ನು ಹೆದರಿಸುತ್ತದೆ. ಯಾಕೆಂದರೆ ಮುಚ್ಚಿದ ಗಾಜಿನ ಮನೆಯಲ್ಲಿ ಗಾಳಿ ಕಡಿಮೆಯಾದರೆ ಏನಾಗುತ್ತದೆಂದು ಭೂಮಿಯಲ್ಲೇ ನೋಡಿಯಾಗಿದೆ. ಅಮೆರಿಕದ ಅರಿಝೋನಾದಲ್ಲಿ ಕಟ್ಟಿದ ಬಯೋಸ್ಫಿಯರ್-2 ಒಳಗೆ 1991ರ ಸೆಪ್ಟೆಂಬರ್ 26ರಂದು ಎಂಟು ಜನ ಬಾಗಿಲು ಮುಚ್ಚಿಕೊಂಡರು. ಹೊರಗಿನ ಲೋಕದಿಂದ ಏನನ್ನೂ ಪಡೆಯದೆ ಎರಡು ವರ್ಷ ಬದುಕಿ ತೋರಿಸುವುದು ಅವರ ಆಸೆ. ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕ ತಿಂದವು, ಅವು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಕಾಂಕ್ರೀಟು ಹೀರಿಕೊಂಡಿತು. ಹದಿನಾರು ತಿಂಗಳಲ್ಲಿ ಆಮ್ಲಜನಕ 20.9ರಿಂದ 14.5 ಶೇಕಡಾಕ್ಕೆ ಇಳಿಯಿತು. ಮೆಟ್ಟಿಲು ಹತ್ತಿದರೆ ಏದುಸಿರು, ಹೊಟ್ಟೆಗೂ ಅರೆಬರೆ. ಕೊನೆಗೆ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ಆ ಹೊತ್ತಿಗೆ ಎಂಟು ಜನ ನಾಲ್ಕು-ನಾಲ್ಕಾಗಿ ಒಡೆದಿದ್ದರು, ಒಂದು ಗುಂಪು ಇನ್ನೊಂದನ್ನು ಮಾತಾಡಿಸುವುದೂ ನಿಂತುಹೋಗಿತ್ತು. ಆದರೂ ಯಾರೂ ತಮ್ಮ ಪಾಲಿನ ಕೆಲಸ ಬಿಡಲಿಲ್ಲ. ಹೊಲ ಉತ್ತರು, ಮೇಕೆಗಳ ಹಾಲು ಕರೆದರು, ಎರಡು ವರ್ಷ ಮುಗಿಸಿ ಎಂಟೂ ಜನ ನಡೆದು ಹೊರಬಂದರು. ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮುಖ ನೋಡಲು ಮನಸ್ಸಿಲ್ಲದವನು ಬೆಳೆದ ಗೆಣಸನ್ನು ತಿಂದು ಅವನಿಗಾಗಿ ಭತ್ತ ಬೆಳೆಯುವುದು ಸಣ್ಣ ಸಂಗತಿಯಲ್ಲ.

ಅದಾದ ಮೇಲೆ ನಡೆದದ್ದು ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. 1994ರಲ್ಲಿ ಎರಡನೆಯ ತಂಡ ಒಳಗಿದ್ದಾಗ ಹೊರಗಿನ ಆಡಳಿತದಲ್ಲಿ ಜಗಳವಾಗಿ ಮೇಲಿನವರು ರಾತ್ರೋರಾತ್ರಿ ಬದಲಾದರು. ಕೆಲವೇ ದಿನಗಳಲ್ಲಿ, ಏಪ್ರಿಲ್ 5ರ ನಸುಕಿನಲ್ಲಿ, ಮೊದಲ ತಂಡದ ಇಬ್ಬರು ಬಂದು ಹೊರಗಿನಿಂದಲೇ ಬಾಗಿಲು ತೆರೆದರು, ಗಾಜು ಒಡೆದರು. ಒಳಗಿದ್ದವರ ಪ್ರಾಣಕ್ಕೆ ಹೆದರಿ ಹಾಗೆ ಮಾಡಿದೆವೆಂದರು. ಅರಿಝೋನಾದಲ್ಲಿ ಒಡೆದ ಗಾಜಿನಿಂದ ಒಳಗೆ ಬಂದದ್ದು ತಾಜಾ ಗಾಳಿ. ಮಂಗಳದಲ್ಲಿ ಹಾಗಾಗುವುದಿಲ್ಲ. ಗಾಳಿಯನ್ನು ಶಿಕ್ಷೆಯ ಸಾಧನ ಮಾಡಬಹುದೆಂದು ಒಮ್ಮೆ ತೋರಿಸಿಬಿಟ್ಟ ಆಡಳಿತದ ಕೈಕೆಳಗೆ ಮರುದಿನ ಯಾರು ನಿಶ್ಚಿಂತೆಯಿಂದ ಮಲಗುತ್ತಾರೆ?

ಅಡುಗೆಯವಳ ವಿಷಯ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿ ತಂಡದವರನ್ನು ಒತ್ತೆ ಹಿಡಿದಾಗ ಇಬ್ಬರು ಮೊದಲೇ ಸತ್ತರು. ಬಿಡಿಸಲು ಹೋದಾಗ ನಡೆದ ಗುಂಡಿನ ಕಾಳಗದಲ್ಲಿ ಉಳಿದ ಒಂಬತ್ತು ಜನರೂ ಸತ್ತರು. ಅದನ್ನು ನೋಡಿದ ನ್ಯೂಯಾರ್ಕ್ ಪೊಲೀಸರು ಮಾತಾಡುವುದಕ್ಕೇ ಒಂದು ತಂಡ ಕಟ್ಟಿದರು. ಅದರ ಹಿಂದಿದ್ದ ಹಾರ್ವಿ ಶ್ಲಾಸ್‌ಬರ್ಗ್ ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಪತ್ತೇದಾರ. ಅವರು ಹಾಕಿಕೊಟ್ಟ ಕ್ರಮದಲ್ಲಿ ಎರಡು ಸಂಗತಿ ಮುಖ್ಯ. ಆತುರ ಬೇಡ, ಹೊತ್ತು ಕಳೆದಷ್ಟೂ ರೋಷ ಇಳಿಯುತ್ತದೆ. ಮಾತಾಡುವವರ ಕೈಯಲ್ಲಿ ತೀರ್ಮಾನದ ಅಧಿಕಾರ ಇರಬಾರದು. ಇದ್ದರೆ ಕೇಳಿದ್ದಕ್ಕೆಲ್ಲ ಆ ಕ್ಷಣವೇ ಹೌದು ಅಥವಾ ಇಲ್ಲ ಎನ್ನಬೇಕಾಗುತ್ತದೆ. ಕಥೆಯ ಅಡುಗೆಯವಳಿಗೆ ಯಾವ ಅಧಿಕಾರವೂ ಇಲ್ಲ. "ಕೇಳಿ ಬರುತ್ತೇನೆ ಕಣಪ್ಪಾ" ಎಂದು ಎದ್ದು ಹೋಗುತ್ತಾಳೆ, ಬರುವಾಗ ತಟ್ಟೆ ಹಿಡಿದು ಬರುತ್ತಾಳೆ. ಯಾರ ಹೊಟ್ಟೆಗೆ ಎಷ್ಟು ಬೇಕು, ಯಾರಿಗೆ ಎಷ್ಟು ಕಡಿಮೆ ಬಿತ್ತು ಎಂದು ಆ ಊರಿನಲ್ಲಿ ಬಲ್ಲವಳು ಅವಳೊಬ್ಬಳೇ. ಅವನ ದೂರು ನಿಜವೆಂದು ಕಣ್ಣಾರೆ ಕಂಡವಳೂ ಅವಳೇ. ಆ ಬಾಗಿಲಿಗೆ ಅವಳಿಗಿಂತ ತಕ್ಕವರನ್ನು ನಾನು ಕಾಣೆ.

ಶಿಸ್ತು ಮೊದಲು ಎನ್ನುವ ಮಾತಿಗೆ ಒಂದು ಹಳೆಯ ವಸಾಹತಿನ ಕಥೆ ಹೇಳಬೇಕು. ಅಮೆರಿಕದ ವರ್ಜೀನಿಯಾ ತೀರದ ಜೇಮ್ಸ್‌ಟೌನ್‌ನಲ್ಲಿ ಇಂಗ್ಲಿಷರು 1607ರಲ್ಲಿ ನೆಲೆಯೂರಿದರು. 1609-10ರ ಚಳಿಗಾಲದ ಹಸಿವಿನಲ್ಲಿ ಸುಮಾರು ಮುನ್ನೂರು ಜನರಲ್ಲಿ ಅರವತ್ತು ಮಂದಿ ಉಳಿದರು. ಶಿಸ್ತಿನ ಕಟ್ಟಳೆಗಳು ಅದಾದ ಮೇಲೆ ಬಂದವು, ಬಲು ಕ್ರೂರವಾಗಿಯೇ ಬಂದವು. 1613ರಲ್ಲಿ ಕ್ಯಾಪ್ಟನ್ ಸ್ಯಾಮ್ಯುಯೆಲ್ ಅರ್ಗಲ್ ಅಲ್ಲಿನ ಮೂಲನಿವಾಸಿಗಳ ದೊರೆ ಪವ್‌ಹಾಟನ್‌ನ ಮಗಳು ಪೊಕಹಾಂಟಸಳನ್ನು ಮೋಸದಿಂದ ಹಡಗು ಹತ್ತಿಸಿಕೊಂಡ. ಅವಳನ್ನು ಕರೆತಂದು ಕೊಟ್ಟವರಿಗೆ ಸಿಕ್ಕ ಕೂಲಿಯಲ್ಲಿ ಒಂದು ತಾಮ್ರದ ಪಾತ್ರೆಯೂ ಇತ್ತು. ಬೇಡಿಕೆ ಏನೆಂದರೆ ಸೆರೆಯಲ್ಲಿದ್ದ ಇಂಗ್ಲಿಷರು, ಅವರಿಂದ ಕಿತ್ತುಕೊಂಡ ಬಂದೂಕು ಮತ್ತು ಸಲಕರಣೆ, ಮೆಕ್ಕೆಜೋಳ. ತಂದೆ ಏಳು ಜನ ಸೆರೆಯಾಳುಗಳನ್ನು, ಕೆಲವು ಹಾಳಾದ ಬಂದೂಕುಗಳನ್ನು, ಒಂದು ದೋಣಿ ಜೋಳವನ್ನು ಕಳಿಸಿದ. ಸಾಲದು ಎಂದರು. ಮಗಳು ತೌರಿಗೆ ಮರಳಲೇ ಇಲ್ಲ. ಕ್ರೈಸ್ತಳಾದಳು, 1614ರಲ್ಲಿ ಇಂಗ್ಲಿಷನೊಬ್ಬನನ್ನು ಮದುವೆಯಾದಳು, 1617ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡಳು. ಮದುವೆಯಿಂದ ಬಂದ ಶಾಂತಿ ಎಂಟು ವರ್ಷ ಬಾಳಿತು. 1622ರ ಮಾರ್ಚ್‌ನ ಒಂದು ಬೆಳಿಗ್ಗೆ ಆ ಜನ ತಿರುಗಿಬಿದ್ದು ಸುಮಾರು 350 ವಸಾಹತುಗಾರರನ್ನು ಕೊಂದರು. ಒತ್ತೆಯಾಳನ್ನು ಬಿಡದಿದ್ದುದೊಂದೇ ಇದಕ್ಕೆ ಕಾರಣವಲ್ಲ; ಹೊಗೆಸೊಪ್ಪು ಬೆಳೆಯಲು ಕಬಳಿಸಿದ ನೆಲವೇ ದೊಡ್ಡ ಕಾರಣ. ಆದರೆ ಬಿಡುಗಡೆಯ ಮಾತನ್ನು ವ್ಯಾಪಾರವೆಂದು ನೋಡಿದವರು, ಕೊಟ್ಟವನ ಪಕ್ಕದಲ್ಲೇ ನಾಳೆಯೂ ಬಾಳಬೇಕೆಂದು ಎಣಿಸಲಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಅದನ್ನು ಹಗುರವಾಗಿ ತೆಗೆದುಕೊಳ್ಳಲು ಕನ್ನಡಿಗರಾರಿಂದಲೂ ಆಗದು. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ವೀರಪ್ಪನ್ ರಾಜಕುಮಾರ್ ಅವರನ್ನೂ ಇನ್ನು ಮೂವರನ್ನೂ ಕಾಡಿಗೆ ಕರೆದೊಯ್ದ. ಅಣ್ಣಾವ್ರಿಗೆ ಆಗ 71 ವರ್ಷ. ಕಾವೇರಿ ನೀರು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಟಾಡಾ ಎಂಬ ಭಯೋತ್ಪಾದನೆ ತಡೆ ಕಾಯ್ದೆಯಡಿ ಜೈಲಿನಲ್ಲಿದ್ದ ಕೈದಿಗಳ ಬಿಡುಗಡೆ, ತನ್ನನ್ನು ಹಿಡಿಯಲು ಕಟ್ಟಿದ್ದ ಪೊಲೀಸ್ ಕಾರ್ಯಪಡೆಯಿಂದ ನೊಂದವರಿಗೆ ಪರಿಹಾರ ಎಂದು ಬೇಡಿಕೆಗಳ ಪಟ್ಟಿ ಬಂತು. ನಕ್ಕೀರನ್ ಪತ್ರಿಕೆಯ ಸಂಪಾದಕ ಗೋಪಾಲ್ ಮತ್ತೆ ಮತ್ತೆ ಕಾಡಿಗೆ ಹೋದರು, ಕೊನೆಯ ಘಟ್ಟದಲ್ಲಿ ತಮಿಳು ರಾಷ್ಟ್ರವಾದಿ ನಾಯಕ ನೆಡುಮಾರನ್ ಹೋದರು. ಕೈದಿಗಳ ಮೇಲಿನ ಮೊಕದ್ದಮೆ ಹಿಂಪಡೆಯಲು ಸರ್ಕಾರ ಹೊರಟಾಗ, ವೀರಪ್ಪನ್ ಗುಂಪಿನಿಂದ ಹತರಾಗಿದ್ದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಕೋರ್ಟ್ ಅವರ ಮಾತನ್ನು ಎತ್ತಿಹಿಡಿಯಿತು. ನವೆಂಬರ್ 15ರಂದು ಅಣ್ಣಾವ್ರು ಹೊರಬಂದರು. ಹಣ ಕೊಡಲಾಯಿತೆಂಬ ಆರೋಪವೂ ಕೇಳಿಬಂತು. 2002ರ ಆಗಸ್ಟ್‌ನಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ನಾಗಪ್ಪನವರನ್ನು ವೀರಪ್ಪನ್ ಹೊತ್ತೊಯ್ದ. ಡಿಸೆಂಬರ್‌ನಲ್ಲಿ ಅವರ ಹೆಣ ಸಿಕ್ಕಿತು. ಒಂದು ಸಂಧಾನ ಮುಂದಿನ ಅಪಹರಣಕ್ಕೆ ದಾರಿಯಾಯಿತು ಎನ್ನುವ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ.

ಆದರೆ ವೀರಪ್ಪನ್‌ಗೆ ಮರಳಿ ಹೋಗಲು ಕಾಡಿತ್ತು. ಕಥೆಯ ಕೆಲಸಗಾರನಿಗೆ ಕಾಡಿಲ್ಲ. ಬಾಗಿಲ ಆಚೆಗೂ ಅದೇ ಗಾಳಿ, ಅದೇ ಊಟದ ಸಾಲು. ನಾಳೆ ಅವನಿಗೆ ಜ್ವರ ಬಂದರೆ ಮದ್ದು ಕೊಡಬೇಕಾದವಳು ಇವತ್ತು ಅವನ ಸೆರೆಯಲ್ಲಿರುವವಳೇ. ಹೀಗಾಗಿ ಅಲ್ಲಿ ಸಂಧಾನವೆಂದರೆ ಒತ್ತೆಯಾಳಿಗೆ ಬೆಲೆ ಕಟ್ಟುವುದಲ್ಲ, ಹತ್ತನೆಯ ದಿನ ಎಲ್ಲರೂ ಒಂದೇ ಸೂರಿನಡಿ ಹೇಗೆ ಇರುವುದೆಂದು ಮಾತಾಡಿಕೊಳ್ಳುವುದು. ಕಥೆಯಲ್ಲಿ ಅವನಿಗೆ ಕೊಟ್ಟ ಮಾತು ಒಂದೇ: ನೀನು ಹೊರಬಂದ ಮೇಲೆ ನಿನ್ನ ಮೂರು ದೂರುಗಳನ್ನು ಎಲ್ಲರ ಮುಂದೆ ಓದುತ್ತೇವೆ. ಅವನು ಹೊರಬಂದ ಮೇಲೆ ಅವನ ವಿಚಾರಣೆಯೂ ಆಯಿತು, ಮತ್ತೆಂದೂ ಆ ಘಟಕಕ್ಕೆ ಕಾಲಿಡದಂತೆ ತೀರ್ಪೂ ಆಯಿತು. ಇದನ್ನು ನೀವು ಮಂಡಿಯೂರುವುದು ಎಂದಿರಿ. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಯವರು ವೀರಪ್ಪನ್ ಮತ್ತು ಪೊಲೀಸರ ನಡುವೆ ಸಿಕ್ಕಿ ನುಗ್ಗಾದದ್ದು ನಿಜವಾಗಿತ್ತು. ಅದನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಿತ್ತು, ಆಮೇಲೆ ನೊಂದವರಿಗೆ ಪರಿಹಾರಕ್ಕೂ ಹೇಳಿತು. ಕೋವಿ ಹಿಡಿದವನು ಅವರ ಹೆಸರು ಹೇಳಿದನೆಂದ ಮಾತ್ರಕ್ಕೆ ಆ ಜನರ ನೋವು ಸುಳ್ಳಾಗಲಿಲ್ಲ. ರಾತ್ರಿ ಪಾಳಿಯವರ ಹಸಿವೂ ಹಾಗೆಯೇ.

ಕಾನೂನಿನ ಬಗ್ಗೆ ಚಿಕ್ಕದಾಗಿ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಮಂಗಳದ ನೆಲ ತನ್ನದೆನ್ನುವಂತಿಲ್ಲ. ಆದರೆ ನೌಕೆ, ನೆಲೆಗಳನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿದ ದೇಶಕ್ಕೆ ಅವುಗಳ ಮೇಲೂ ಒಳಗಿರುವವರ ಮೇಲೂ ಅಧಿಕಾರ ಉಂಟು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ, 1998ರ ಕರಾರಿನಂತೆ, ಅಪರಾಧ ಮಾಡಿದವರು ಯಾವ ದೇಶದವರೋ ಆ ದೇಶ ವಿಚಾರಿಸಬಹುದು. ಕಾಗದದ ಮೇಲೆ ಇಷ್ಟು ಇದ್ದರೂ ಸಾಲದೆಂಬುದಕ್ಕೆ 1970ರ ಪ್ರಕರಣವೊಂದಿದೆ. ಆರ್ಕ್ಟಿಕ್ ಸಮುದ್ರದಲ್ಲಿ ತೇಲುವ ಹಿಮದ ದ್ವೀಪವೊಂದರ ಮೇಲಿನ ಅಮೆರಿಕದ ಸಂಶೋಧನಾ ಶಿಬಿರದಲ್ಲಿ ಹೆಂಡದ ಜಗಳದಲ್ಲಿ ಒಬ್ಬ ಗುಂಡೇಟಿಗೆ ಸತ್ತ. ಯಾರ ನೆಲವೂ ಅಲ್ಲದ ಆ ಹಿಮದ ಮೇಲೆ ತಮಗೆ ಅಧಿಕಾರವಿದೆಯೇ ಎಂಬ ಪ್ರಶ್ನೆಗೆ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರು ಸಮಸಮವಾಗಿ ಒಡೆದರು. ಕಥೆಯಲ್ಲಿ ಇದರ ಒಂದು ಸಾಲಾದರೂ ಇರಬೇಕಿತ್ತು ಎನ್ನುವುದನ್ನು ಒಪ್ಪುತ್ತೇನೆ.

ಪೂರ್ತಿ ಒಪ್ಪುವ ತಕರಾರು ಇದು: ಆರನೆಯ ದಿನ ಭೂಮಿಯಲ್ಲಿರುವ ತಾಯಿಯೊಂದಿಗೆ ಅವನು ಫೋನಿನಲ್ಲಿ ಮಾತಾಡಿದಂತೆ ಮಾತಾಡುತ್ತಾನೆ ಎಂದು ನೀವು ಬೊಟ್ಟು ಮಾಡಿದ್ದೀರಿ. ತಪ್ಪು ನಮ್ಮದೇ, ಅಚ್ಚಿಗೆ ಕಳಿಸುವ ಮೊದಲು ನಾನು ಹಿಡಿಯಬೇಕಿತ್ತು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರುವಾಗ ಅಲ್ಲಿಂದ ಸುದ್ದಿ ಬೆಂಗಳೂರು ಮುಟ್ಟಲು ಸುಮಾರು 12 ನಿಮಿಷ ಬೇಕಾಗಿತ್ತು. ಎರಡು ಗ್ರಹಗಳ ದೂರಕ್ಕೆ ತಕ್ಕಂತೆ ಒಂದು ದಾರಿಗೆ 3ರಿಂದ 22 ನಿಮಿಷ. ಸೂರ್ಯ ಅಡ್ಡ ಬಂದರೆ ಅದೂ ಇಲ್ಲ. 2015ರ ಜೂನ್‌ನಲ್ಲಿ ಹಾಗೆಯೇ ಎರಡು ವಾರ ಮಂಗಳಯಾನದೊಡನೆ ಮಾತು ನಿಂತಿತ್ತು. ಭೂಮಿಯ ನುರಿತ ಸಂಧಾನಕಾರರನ್ನು ಕೂರಿಸಬಹುದಿತ್ತಲ್ಲ ಎಂಬ ನಿಮ್ಮ ಸಲಹೆಗೂ ಇದೇ ಅಡ್ಡಿ. ರೋಷದಲ್ಲಿರುವವನು ಒಂದು ಮಾತು ಕೇಳಿ ಅರ್ಧ ಗಂಟೆ ಕಾಯಬೇಕಾದರೆ ಅದು ಸಂಭಾಷಣೆಯಾಗುವುದಿಲ್ಲ.

ಕಥೆಗಾರ್ತಿಗೆ ನಿಮ್ಮ ಪತ್ರ ತೋರಿಸಿದೆ. ಆ ಪುಟವನ್ನು ಅವರು ಹೊಸದಾಗಿ ಬರೆದು ಕೊಟ್ಟಿದ್ದಾರೆ. ಈಗ ಅವನು "ಅಮ್ಮಾ, ಊಟ ಆಯ್ತಾ?" ಎಂದು ಕೇಳುತ್ತಾನೆ. ಉತ್ತರ ಬರಲು 28 ನಿಮಿಷ. ಅಷ್ಟು ಹೊತ್ತೂ ಅಡುಗೆಯವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತಿರುತ್ತಾಳೆ, ಒಳಗೆ ಅವನೂ ಹಾಗೆಯೇ ಕೂತಿರುತ್ತಾನೆ, ಇಬ್ಬರೂ ಮಾತಾಡುವುದಿಲ್ಲ. ತಿದ್ದಿದ ಪುಟ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಕರಡು ಪ್ರತಿಯನ್ನು ಈ ಪತ್ರದ ಜೊತೆಗೇ ನಿಮಗೆ ಕಳಿಸುತ್ತಿದ್ದೇನೆ.

ನಿಮ್ಮ ವಿಶ್ವಾಸಿ,
ಸಂಪಾದಕ