ಹಾಡುವ ಕಂಠ, ಕಲಿಸುವ ಕಂಠ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಶಾಸ್ತ್ರೀಯ ಗಾಯಕಿ. ಕಛೇರಿಗಳನ್ನು ಕೊಡುವುದರ ಜೊತೆಗೆ ದಿನಕ್ಕೆ ನಾಲ್ಕೈದು ಗಂಟೆ ಪಾಠವನ್ನೂ ಹೇಳುತ್ತೇನೆ. ಪಾಠವಿದ್ದ ದಿನ ಸಂಜೆಯ ಹೊತ್ತಿಗೆ ಎತ್ತರದ ಸ್ವರಗಳು ಒಡೆಯುತ್ತವೆ. ಮೆಲ್ಲಗೆ ಹಾಡಲು ಹೋದರೆ ದನಿಯ ಬದಲು ಬರೀ ಗಾಳಿ ಬರುತ್ತದೆ. ಎರಡರಲ್ಲಿ ಒಂದನ್ನು ಬಿಡಲೇಬೇಕೆ?

ಉತ್ತರ: ಬಿಡಬೇಕಾಗಿಲ್ಲ. ಆದರೆ ನಿಮ್ಮ ಕಂಠವನ್ನು ದಣಿಸುತ್ತಿರುವುದು ಹಾಡುಗಾರಿಕೆಯೋ ಅಥವಾ ಪಾಠದ ನಡುವಿನ ಮಾತೋ ಎಂಬುದನ್ನು ಮೊದಲು ಗಮನಿಸಿ. ನನ್ನ ಅನುಭವದಲ್ಲಿ ಬಹುಪಾಲು ಮಾತೇ ಕಾರಣವಾಗಿರುತ್ತದೆ. ಹಾಡುವಾಗ ಉಸಿರು, ನಿಲುವು, ಬಾಯಿಯ ಆಕಾರ ಎಲ್ಲದರ ಮೇಲೂ ನಿಗಾ ಇಡುವ ನಾವು, ತಪ್ಪು ತಿದ್ದಲು ಬಾಯಿ ತೆರೆದ ಕೂಡಲೇ ಆ ನಿಗಾವನ್ನೆಲ್ಲ ಮರೆಯುತ್ತೇವೆ. ಹೆಂಗಸರ ಸಾಮಾನ್ಯ ಮಾತಿನಲ್ಲಿ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಬಾರಿ ಒಂದಕ್ಕೊಂದು ತಾಗುತ್ತವೆ. ಇಡೀ ದಿನದ ಪಾಠದಲ್ಲಿ ನಿಮ್ಮ ದನಿ ಹೊರಟದ್ದು ಒಟ್ಟು ಒಂದೇ ಗಂಟೆಯೆಂದು ಲೆಕ್ಕ ಹಾಕಿದರೂ ಅವು 7,20,000 ಬಾರಿ ತಾಗಿರುತ್ತವೆ. ದನಿ ಏರಿಸಿದಷ್ಟೂ ಆ ತಾಗುವಿಕೆಯ ರಭಸ ಹೆಚ್ಚುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿಯೂ ಸೇರಿಕೊಳ್ಳುತ್ತದೆ. ಸುತ್ತ ಸದ್ದಿದ್ದಾಗ ಮನುಷ್ಯನ ದನಿ ಅವನಿಗೇ ತಿಳಿಯದಂತೆ ಏರುತ್ತದೆ ಎಂಬುದನ್ನು ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ವಿವರಿಸಿದರು. ವಿದ್ಯಾರ್ಥಿ ಹಾಡುತ್ತಿರುವಾಗಲೇ ಅದರ ಮೇಲೆ ಮಾತನಾಡಿ ತಿದ್ದುವ ಶಿಕ್ಷಕರು ಪಾಠದುದ್ದಕ್ಕೂ ಈ ಏರುದನಿಯಲ್ಲಿಯೇ ಇರುತ್ತಾರೆ. ಆದ್ದರಿಂದ ವಿದ್ಯಾರ್ಥಿ ನಿಲ್ಲಿಸಿದ ಮೇಲೆ ಮಾತ್ರ ಮಾತನಾಡುವ ನಿಯಮವನ್ನು ನಾಳೆಯಿಂದಲೇ ಇಟ್ಟುಕೊಳ್ಳಿ. ಹಾಡುವಾಗಲೇ ಸೂಚನೆ ಕೊಡಬೇಕಾದಲ್ಲಿ ಕೈಸನ್ನೆ ಸಾಕು. ಇದರಿಂದ ನಿಮ್ಮ ಕಂಠ ಉಳಿಯುವುದಲ್ಲದೆ, ವಿದ್ಯಾರ್ಥಿಗೆ ತನ್ನ ಸ್ವರವನ್ನು ತಾನೇ ಪೂರ್ತಿಯಾಗಿ ಕೇಳಿಸಿಕೊಳ್ಳುವ ಅವಕಾಶವೂ ಸಿಗುತ್ತದೆ.

ಹಾಡಿ ತೋರಿಸುವ ವಿಷಯದಲ್ಲಿಯೂ ಮಿತಿ ಬೇಕು. ವಿದ್ಯಾರ್ಥಿಯ ಶ್ರುತಿ ನಿಮ್ಮ ಶ್ರುತಿಗಿಂತ ಬೇರೆಯಾಗಿದ್ದರೆ ನೀವು ಹಾಡಿ ತೋರಿಸುವ ಪ್ರತಿ ಸಾಲೂ ನಿಮ್ಮ ಕಂಠಕ್ಕೆ ಒಗ್ಗದ ಎತ್ತರದಲ್ಲಿಯೋ ತಗ್ಗಿನಲ್ಲಿಯೋ ಇರುತ್ತದೆ. ಕಠಿಣವಾದ ಒಂದು ಭಾಗವನ್ನು ಒಮ್ಮೆ ಮಾತ್ರ, ಚೆನ್ನಾಗಿ ಹಾಡಿ ತೋರಿಸಿ. ಉಳಿದುದನ್ನು ವಾದ್ಯದಲ್ಲಿ ನುಡಿಸಿ ಅಥವಾ ವಿದ್ಯಾರ್ಥಿಯಿಂದಲೇ ಹಾಡಿಸಿ. ಉದ್ದಕ್ಕೂ ಜೊತೆಗೂಡಿ ಹಾಡುವ ಪದ್ಧತಿಯಲ್ಲಿ ಕಲಿಯುವವನು ನಿಮ್ಮ ದನಿಯ ಮೇಲೆ ತೇಲುತ್ತಿರುತ್ತಾನೆ, ತನ್ನ ಕಾಲ ಮೇಲೆ ನಿಂತಿರುವುದಿಲ್ಲ.

ಕಛೇರಿಯ ಹಿಂದಿನ ದಿನ ಹಾಗೂ ಆ ದಿನ ಪಾಠಗಳನ್ನು ಕಡಿಮೆ ಮಾಡಿ. ಎರಡು ಪಾಠಗಳ ನಡುವೆ ಹತ್ತು ನಿಮಿಷ ಪೂರ್ಣ ಮೌನವಿರಲಿ. ಪಿಸುಮಾತನ್ನು ವಿಶ್ರಾಂತಿಯೆಂದು ಭಾವಿಸಬೇಡಿ, ಹಲವರಲ್ಲಿ ಅದು ಗಂಟಲಿನ ಬಿಗಿತವನ್ನು ಹೆಚ್ಚಿಸುತ್ತದೆ. ಪಾಠದ ಕೊನೆಯಲ್ಲಿ ತೆಳುವಾದ ಸ್ಟ್ರಾ ಒಂದನ್ನು ತುಟಿಗಳ ನಡುವೆ ಹಿಡಿದು, ಅದರ ಮೂಲಕ ಮೆಲುದನಿಯಲ್ಲಿ ಸ್ವರವನ್ನು ಮೇಲಕ್ಕೂ ಕೆಳಕ್ಕೂ ಜಾರಿಸುವ ಅಭ್ಯಾಸ ಬಹಳ ಉಪಯುಕ್ತ. ಬಾಯಿಯ ಕಡೆಯಿಂದ ಹಿಮ್ಮುಖವಾಗಿ ಬೀಳುವ ಗಾಳಿಯ ಒತ್ತಡದಿಂದಾಗಿ ಧ್ವನಿತಂತುಗಳು ಹೆಚ್ಚು ಘರ್ಷಣೆಯಿಲ್ಲದೆ ಕಂಪಿಸುತ್ತವೆ. ಧ್ವನಿವಿಜ್ಞಾನಿ ಇಂಗೊ ಟಿಟ್ಸೆ ಅವರ ಸಂಶೋಧನೆಯಿಂದ ಈ ಅಭ್ಯಾಸ ಹೆಚ್ಚು ಪ್ರಚಾರಕ್ಕೆ ಬಂದಿತು.

ಇಷ್ಟರ ಮೇಲೂ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಎತ್ತರದ ಸ್ವರವನ್ನು ಮೆಲ್ಲಗೆ ಹಾಡಲಾಗದಿರುವುದು ಧ್ವನಿತಂತುಗಳ ಅಂಚು ಊದಿಕೊಂಡಿರುವುದರ ಲಕ್ಷಣವೂ ಆಗಿರಬಹುದು. ರಾತ್ರಿಯ ನಿದ್ದೆಯ ನಂತರ ಅದು ಸರಿಹೋಗುತ್ತಿದ್ದರೆ ದಣಿವೆಂದು ತಿಳಿಯಬಹುದು. ಬೆಳಗ್ಗೆಯೂ ಹಾಗೆಯೇ ಇದ್ದು ಎರಡು ವಾರ ಮುಂದುವರಿದರೆ, ಧ್ವನಿಯ ಸಮಸ್ಯೆಗಳನ್ನು ಬಲ್ಲ ಗಂಟಲು ತಜ್ಞರಿಂದ ಧ್ವನಿಪೆಟ್ಟಿಗೆಯ ಪರೀಕ್ಷೆ ಮಾಡಿಸಿಕೊಳ್ಳಿ. ಕಂಠವೇ ಜೀವನೋಪಾಯವಾಗಿರುವವರು ಇದನ್ನು ಮುಂದೂಡುವುದು ಸರಿಯಲ್ಲ.

ಪ್ರಶ್ನೆ: ಮೂರು ವರ್ಷಗಳಿಂದ ಗಾಯನ ಕಲಿಯುತ್ತಿದ್ದೇನೆ. ಕೇಳಿದವರೆಲ್ಲ "ಥೇಟ್ ನಿಮ್ಮ ಗುರುಗಳ ದನಿಯೇ" ಎನ್ನುತ್ತಾರೆ. ಇದು ಒಳ್ಳೆಯ ಲಕ್ಷಣವೇ?

ಉತ್ತರ: ಮೊದಮೊದಲು ಅನುಕರಣೆ ಬೇಕೇ ಬೇಕು, ಸ್ವರದ ತೂಕ, ಉಚ್ಚಾರ, ಉಸಿರು ತೆಗೆದುಕೊಳ್ಳುವ ಜಾಗ ಇವೆಲ್ಲ ಕೇಳಿಯೇ ಬರಬೇಕು. ಆದರೆ ದನಿಯ ಬಣ್ಣವನ್ನು ಅನುಕರಿಸುವುದು ಬೇರೆ ವಿಷಯ. ನಿಮ್ಮ ಧ್ವನಿತಂತುಗಳ ಉದ್ದ, ದಪ್ಪ, ಗಂಟಲು ಮತ್ತು ಬಾಯಿಯೊಳಗಿನ ಅವಕಾಶ ಎಲ್ಲವೂ ನಿಮ್ಮವು, ಗುರುಗಳದು ಅವರದು.

ಇಲ್ಲೊಂದು ಸೂಕ್ಷ್ಮವಿದೆ. ಗುರುಗಳ ದನಿ ನಿಮಗೆ ಗಾಳಿಯ ಮೂಲಕ ಕೇಳಿಸುತ್ತದೆ, ನಿಮ್ಮ ದನಿಯಾದರೋ ಗಾಳಿಯ ಜೊತೆಗೆ ತಲೆಬುರುಡೆಯ ಎಲುಬುಗಳ ಮೂಲಕವೂ ಕೇಳಿಸುವುದರಿಂದ, ಇರುವುದಕ್ಕಿಂತ ಹೆಚ್ಚು ತುಂಬಿಕೊಂಡಂತೆ ತೋರುತ್ತದೆ. ನಿಮ್ಮೊಳಗೆ ಕೇಳಿಸುವ ನಾದವನ್ನು ಹೊರಗಿನಿಂದ ಬಂದ ನಾದದೊಡನೆ ಹೊಂದಿಸಲು ಹೊರಟರೆ, ನಿಮಗರಿವಿಲ್ಲದೆ ನಾಲಗೆಯ ಬುಡವನ್ನೋ ದವಡೆಯನ್ನೋ ಬಿಗಿಹಿಡಿಯಬೇಕಾಗುತ್ತದೆ. ಪ್ರತಿ ವಾರ ಒಂದು ಹಾಡನ್ನು ಮುದ್ರಿಸಿಕೊಂಡು ಗುರುಗಳ ಜೊತೆ ಕುಳಿತು ಕೇಳಿ. ಯಾವ ಸ್ವರ ನಿಮಗೆ ಸಲೀಸಾಗಿ ಬಂದಿದೆ, ಯಾವುದನ್ನು ನೀವು ಬಲವಂತವಾಗಿ ರೂಪಿಸಿದ್ದೀರಿ ಎಂದು ಅವರನ್ನೇ ಕೇಳಿ. ವಿದ್ಯಾರ್ಥಿಯ ಸ್ವಂತ ದನಿ ಹೊರಬಂದಾಗ ಸಂತೋಷಪಡದ ಗುರುಗಳು ಅಪರೂಪ.

ಪ್ರಶ್ನೆ: ವೇದಿಕೆ ಏರುವ ಮುನ್ನ ಬಿಸಿನೀರು ಕುಡಿದರೆ ಧ್ವನಿತಂತುಗಳು ತೊಳೆದು ಶುಭ್ರವಾಗುತ್ತವೆಯೇ?

ಉತ್ತರ: ಇಲ್ಲ. ನುಂಗಿದ ನೀರು ಅನ್ನನಾಳಕ್ಕೆ ಹೋಗುತ್ತದೆ. ಧ್ವನಿತಂತುಗಳಿರುವುದು ಉಸಿರಿನ ದಾರಿಯಲ್ಲಿ. ನೀರು ಅಲ್ಲಿಗೆ ಹೋದರೆ ಕೆಮ್ಮು ಬರುತ್ತದೆ. ಬಿಸಿನೀರಿನಿಂದ ಗಂಟಲಿಗೆ ಹಿತವಾಗುತ್ತದೆ, ಅಷ್ಟು ಮಾತ್ರ. ಧ್ವನಿತಂತುಗಳ ತೇವ ದೇಹದ ಒಟ್ಟು ನೀರಿನಂಶವನ್ನು ಅವಲಂಬಿಸಿರುವುದರಿಂದ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಿರಬೇಕು. ಕೂಡಲೇ ಮೇಲ್ಮೈಗೆ ತೇವ ಬೇಕಾದರೆ ಸುಡದಷ್ಟು ಹದವಾದ ಹಬೆಯನ್ನು ಉಸಿರಾಡಬಹುದು.

ಪ್ರಶ್ನೆ: ನನ್ನ ಗುರುಗಳು ಈಗ ವೇದಿಕೆಯಲ್ಲಿ ಹಾಡುವುದಿಲ್ಲ. ಇನ್ನೂ ಕಛೇರಿ ಕೊಡುತ್ತಿರುವ ಗಾಯಕರ ಬಳಿ ಕಲಿಯುವುದು ಹೆಚ್ಚು ಪ್ರಯೋಜನಕರವಲ್ಲವೇ?

ಉತ್ತರ: ವೇದಿಕೆಯ ಅಂಜಿಕೆ, ಸಭಾಂಗಣದ ನಾದಗುಣ, ಪಕ್ಕವಾದ್ಯದವರೊಡನೆ ಹೊಂದಾಣಿಕೆ ಇಂಥವುಗಳಲ್ಲಿ ಹಾಡುತ್ತಿರುವವರ ಮಾತಿಗೆ ವಿಶೇಷ ಬೆಲೆಯಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಕಂಠವನ್ನು ಕಟ್ಟುವ ವಿದ್ಯೆ ಬೇರೆ. ಮ್ಯಾನುಯೆಲ್ ಗಾರ್ಸಿಯಾ 1825ರಲ್ಲಿ ನ್ಯೂಯಾರ್ಕಿನ ಒಪೆರಾ ವೇದಿಕೆಯಲ್ಲಿ ಹಾಡಿದವರು. ಇನ್ನೂ ಇಪ್ಪತ್ತರ ಹರೆಯದಲ್ಲಿಯೇ ವೇದಿಕೆಯನ್ನು ಬಿಟ್ಟು ಬೋಧನೆಗೆ ಇಳಿದರು. 1854ರಲ್ಲಿ ಪುಟ್ಟ ಕನ್ನಡಿಗಳ ನೆರವಿನಿಂದ, ಹಾಡುವಾಗ ಚಲಿಸುವ ತಮ್ಮದೇ ಧ್ವನಿತಂತುಗಳನ್ನು ಕಂಡರು. ಸ್ವೀಡನ್ನಿನ ಪ್ರಸಿದ್ಧ ಗಾಯಕಿ ಯೆನ್ನಿ ಲಿಂಡ್ 1841ರಲ್ಲಿ ದಣಿದು ಹಾಳಾಗಿದ್ದ ಕಂಠದೊಡನೆ ಪ್ಯಾರಿಸ್‌ನಲ್ಲಿ ಅವರ ಬಳಿಗೆ ಬಂದಾಗ, ಅವರು ತಕ್ಷಣ ಪಾಠ ಆರಂಭಿಸದೆ ಮೊದಲು ಕೆಲವು ವಾರ ವಿಶ್ರಾಂತಿ ವಿಧಿಸಿದರು. ಆ ಶಿಕ್ಷಣದ ನಂತರವೇ ಆಕೆ ಯುರೋಪಿನಾದ್ಯಂತ ಕೀರ್ತಿ ಪಡೆದದ್ದು.

ಹೀಗಾಗಿ ಗುರುಗಳ ಕಛೇರಿಗಳ ಪಟ್ಟಿಯನ್ನು ನೋಡುವ ಬದಲು ಪಾಠವನ್ನೇ ಪರೀಕ್ಷಿಸಿ. ತಪ್ಪಾದಾಗ "ಇನ್ನೂ ಚೆನ್ನಾಗಿ ಹಾಡು" ಎನ್ನುತ್ತಾರೋ, ಅಥವಾ ಏನನ್ನು ಬದಲಿಸಬೇಕೆಂದು ಸ್ಪಷ್ಟವಾಗಿ ಹೇಳುತ್ತಾರೋ ಗಮನಿಸಿ. ಪಾಠ ಮುಗಿದ ಮೇಲೆ ನಿಮ್ಮ ಗಂಟಲು ಉರಿಯುತ್ತಿದ್ದರೆ ಅದನ್ನು ಅವರಿಗೆ ಸಂಕೋಚವಿಲ್ಲದೆ ತಿಳಿಸಿ. ಅವರು ಅದನ್ನು ಕೇಳಿ ಅಭ್ಯಾಸದ ಕ್ರಮವನ್ನು ಬದಲಿಸಿದರೆ ಬೇರೆ ಗುರುಗಳನ್ನು ಹುಡುಕುವ ಅಗತ್ಯ ನಿಮಗಿಲ್ಲ.